ಕೊರ್ಲೈ ಕಡಲಂಚಿನ ನುಡಿ



ಈ ಸಲ ರಜೆ ಸಿಕ್ಕಾಗ ಅಲಿಬಾಗ್ ನೋಡಿ ವಾಪಸಾಗಬೇಡಿ. ಗೇಟ್‌ವೇಯಿಂದ ದೋಣಿ ಹಿಡಿದು ಮಾಂಡವಾ, ಅಲ್ಲಿಂದ ಬಸ್ಸಿನಲ್ಲಿ ಅಲಿಬಾಗ್. ಮುಂಬಯಿಯಿಂದ ಬಂದವರು ಹೆಚ್ಚಾಗಿ ಅಲ್ಲೇ ಉಳಿದುಬಿಡುತ್ತಾರೆ. ನೀವು ಇನ್ನಷ್ಟು ದಕ್ಷಿಣಕ್ಕೆ ಹೋಗಿ. ರೇವ್‌ದಂಡಾ ಕಳೆದು ಕುಂಡಲಿಕಾ ನದಿಯ ಸೇತುವೆ ದಾಟಿದರೆ ಕೊರ್ಲೈ ಎಂಬ ಹಳ್ಳಿ. ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ದೀಪಸ್ತಂಭ, ಮೀನುಗಾರರ ದೋಣಿಗಳು, ಸದ್ದಿಲ್ಲದ ಮರಳ ದಂಡೆ.

ಅಲ್ಲಿ ಕೂತು ಸ್ವಲ್ಪ ಕಿವಿಗೊಡಿ. (ರೇಡಿಯೋದವಳು, ಬೇರೇನು ಹೇಳಲಿ!) ಊರಿನ ಕ್ರೈಸ್ತರು ತಮ್ಮತಮ್ಮೊಳಗೆ ಆಡುವ ಮಾತು ಮರಾಠಿಯಲ್ಲ, ಕೊಂಕಣಿಯೂ ಅಲ್ಲ. ಅದು ಪೋರ್ಚುಗೀಸಿನಿಂದ ಹುಟ್ಟಿದ ಭಾಷೆ. ಅವರೇ ಇಟ್ಟ ಹೆಸರು ‘ನೌ ಲಿಂಗ್’. ಹಾಗೆಂದರೆ ‘ನಮ್ಮ ನುಡಿ’, ಅಷ್ಟೇ.

ಪೋರ್ಚುಗೀಸರು 1520ರ ದಶಕದಲ್ಲಿ ನದಿಯ ಆಚೆ ದಡದ ಚೌಲ್‌ನಲ್ಲಿ ಕೋಟೆ ಕಟ್ಟಿದರು. 1594ರಲ್ಲಿ ಅಹಮದ್‌ನಗರದ ನಿಜಾಮಶಾಹಿಯಿಂದ ಕೊರ್ಲೈ ಗುಡ್ಡವನ್ನೂ ಕಿತ್ತುಕೊಂಡರು. ಅವರ ಸೈನಿಕರು, ಮತಾಂತರಗೊಂಡ ಸ್ಥಳೀಯರು, ಇವರ ಒಡನಾಟದಲ್ಲಿ ಈ ನುಡಿ ಬೆಳೆಯಿತು. ಪದಗಳು ಬಹುಪಾಲು ಪೋರ್ಚುಗೀಸಿನವು, ವಾಕ್ಯದ ಕಟ್ಟು ಮಾತ್ರ ಮರಾಠಿಯದು. ನಮ್ಮ ಕನ್ನಡದ ಹಾಗೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. ಅಂದಹಾಗೆ ನಮ್ಮ ಪಗಾರ, ಚಾವಿ, ಪಾದ್ರಿಗಳೂ ಪೋರ್ಚುಗೀಸರ ಹಡಗಿನಿಂದಲೇ ಇಳಿದವು.

1740ರಲ್ಲಿ ಕೋಟೆ ಮರಾಠರ ಕೈಸೇರಿತು. ಆಳುವವರು ಹೊರಟುಹೋದರು, ಮಾತು ಇಲ್ಲೇ ಉಳಿಯಿತು. ನನಗೆ ಅಚ್ಚರಿ ಇದೇ. ಈ ನುಡಿಗೆ ಸ್ವಂತ ಶಾಲೆಯಿರಲಿಲ್ಲ, ಪುಸ್ತಕವಿರಲಿಲ್ಲ, ರಾಜಾಶ್ರಯವಂತೂ ಇಲ್ಲವೇ ಇಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಧರ್ಮ ಬೇರೆಯಾದ್ದರಿಂದ ಕೊಟ್ಟುತರುವ ಸಂಬಂಧವೂ ತಮ್ಮೊಳಗೇ. ಹಾಗಾಗಿ ಅಡುಗೆಮನೆಯಿಂದ ಅಡುಗೆಮನೆಗೆ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ನಡೆದುಬಂತು.

1980ರ ದಶಕದಲ್ಲಿ ಸೇತುವೆ ಬಂತು. ಆಸ್ಪತ್ರೆ, ಪೇಟೆ, ಕೆಲಸ ಎಲ್ಲವೂ ಹತ್ತಿರವಾದವು. ಸೇತುವೆ ಬೇಡವಿತ್ತು ಎಂದು ಮುಂಬಯಿಯಲ್ಲಿ ಕೂತು ನಾನು ಹೇಗೆ ಹೇಳಲಿ? ಆದರೆ ಮಕ್ಕಳ ಓದು ಮರಾಠಿ, ಇಂಗ್ಲಿಷಿನಲ್ಲಿ. ಈಗ ಈ ನುಡಿಯಾಡುವವರು ಸಾವಿರದ ಆಸುಪಾಸು.

ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡುವ ತಾಯಂದಿರು, “ಮಗಳಿಗೆ ಕನ್ನಡ ತಿಳಿಯುತ್ತೆ ಮೇಡಂ, ಉತ್ತರ ಮಾತ್ರ ಹಿಂದೀಲಿ ಕೊಡ್ತಾಳೆ” ಅನ್ನುತ್ತಾರೆ. ಆಗೆಲ್ಲ ಕೊರ್ಲೈ ನೆನಪಾಗುತ್ತದೆ. ನಮ್ಮ ಬೆನ್ನಿಗೆ ಇಡೀ ಕರ್ನಾಟಕವಿದೆ. ಅವರಿಗಿರುವುದು ಆ ಒಂದು ಹಳ್ಳಿ.

ಮಳೆಗಾಲದಲ್ಲಿ ದೋಣಿಗಳು ಕಡಿಮೆ, ವಿಚಾರಿಸಿಕೊಂಡೇ ಹೊರಡಿ. ಬಿಸಿಲೇರುವ ಮೊದಲೇ ಕೋಟೆ ಹತ್ತಿ. ಇಳಿದು ಬರುವಾಗ ಯಾರಾದರೂ ಅಜ್ಜಿ ಮೊಮ್ಮಗುವನ್ನು ಕರೆಯುತ್ತಿದ್ದರೆ ಒಂದು ನಿಮಿಷ ನಿಲ್ಲಿ. ಮಗು ಯಾವ ಭಾಷೆಯಲ್ಲಿ ಓಗೊಟ್ಟಿತೆಂದು ನನಗೊಂದು ಕಾರ್ಡು ಬರೆಯಿರಿ.