ಎಕ್ಲೇಸಿಯಾ: ಊರಸಭೆಯ ಹೆಸರು ಹೊತ್ತ ಧರ್ಮ

ಎಕ್ಲೇಸಿಯಾ ಮೊದಲು ರಾಜಕೀಯದ ಪದ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ನಾಗರಿಕರು ಪ್ನಿಕ್ಸ್ ಗುಡ್ಡದ ಮೇಲೆ ಕೂಡಿ, ಯುದ್ಧಕ್ಕೆ ಹೋಗಬೇಕೇ, ಊರಿಗೆ ಧಾನ್ಯ ಎಲ್ಲಿಂದ ತರಿಸಬೇಕು ಎಂದು ಕೈಯೆತ್ತಿ ತೀರ್ಮಾನಿಸುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಕೆಲವು ಮುಖ್ಯ ತೀರ್ಮಾನಗಳಿಗೆ 6000 ಮಂದಿ ಸೇರಲೇಬೇಕಿತ್ತು. ಪೇಟೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಗುಡ್ಡದ ಕಡೆಗೆ ಅಟ್ಟುತ್ತಿದ್ದರು ಎಂಬುದು ಅರಿಸ್ಟೋಫನೀಸನ ನಾಟಕದಿಂದ ತಿಳಿಯುತ್ತದೆ. ಅಲ್ಲಿ ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಜಾಗವಿರಲಿಲ್ಲ. ರೋಮನ್ನರು ಗ್ರೀಕ್ ನಾಡುಗಳನ್ನು ಗೆದ್ದ ಮೇಲೆ ಈ ಸಭೆಗಳ ಕೈಯಲ್ಲಿ ಹೆಚ್ಚು ಅಧಿಕಾರ ಉಳಿಯಲಿಲ್ಲ. ಆದರೂ ಏಷ್ಯಾ ಮೈನರಿನ ಊರುಗಳಲ್ಲಿ ಎಕ್ಲೇಸಿಯಾ ಸೇರುವುದು ನಿಲ್ಲಲಿಲ್ಲ, ಪದದ ಗೌರವವೂ ಇಳಿಯಲಿಲ್ಲ.

ಕ್ರಿ.ಶ. 50ರ ಸುಮಾರಿಗೆ ಕ್ರೈಸ್ತ ಬೋಧಕನಾದ ಪೌಲನು ಥೆಸಲೋನಿಕದ ಕ್ರೈಸ್ತರಿಗೆ ಪತ್ರ ಬರೆದಾಗ ಮೊದಲ ಸಾಲಿನಲ್ಲೇ ಅವರನ್ನು ಕರೆದದ್ದು ಈ ಹೆಸರಿನಿಂದ. ಉಳಿದುಬಂದಿರುವ ಕ್ರೈಸ್ತ ಬರಹಗಳಲ್ಲಿ ಬಹುಶಃ ಇದೇ ಎಲ್ಲಕ್ಕಿಂತ ಹಳೆಯದು. ಪೌಲನು ಊರೂರು ಸುತ್ತಿ ಚರ್ಚುಗಳನ್ನು ಕಟ್ಟಿದ ಎಂಬ ಮಾತು ಈಗ ಕನ್ನಡದ ಬರಹದಲ್ಲೂ ಭಾಷಣದಲ್ಲೂ ಸಲೀಸಾಗಿ ಬರುತ್ತದೆ. ಕೇಳಿದವರ ಕಣ್ಣಿಗೆ ಗೋಪುರ, ಗಂಟೆ, ಶಿಲುಬೆ ಕಟ್ಟುತ್ತವೆ. ಪೌಲನು ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟವನಲ್ಲ. ಅವನು ಜನರನ್ನು ಕೂಡಿಸಿದ, ಕೂಡಿದವರಿಗೆ ಪತ್ರ ಬರೆದ. ಆ ಮೊದಲ ಮೂರು ಶತಮಾನಗಳನ್ನು ಕಟ್ಟಡದ ಪದದಿಂದ ಹೇಳಹೊರಟರೆ ಇತಿಹಾಸವೇ ತಪ್ಪು ದಾರಿ ಹಿಡಿಯುತ್ತದೆ.

ಕ್ರೈಸ್ತರಿಗೆ ಈ ಪದ ಸಿಕ್ಕಿದ ದಾರಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಹೀಗೆ ಗುರುತಿಸುತ್ತಾರೆ. ಕ್ರಿ.ಪೂ. 3ನೇ ಶತಮಾನದಿಂದ ಯೆಹೂದ್ಯರ ಹೀಬ್ರೂ ಗ್ರಂಥಗಳು ಗ್ರೀಕಿಗೆ ಅನುವಾದವಾದಾಗ, ದೇವರ ಮುಂದೆ ನೆರೆದ ಇಸ್ರಾಯೇಲ್ ಜನ ಎಂಬರ್ಥದ ಕಹಾಲ್ ಎಂಬ ಪದಕ್ಕೆ ಎಕ್ಲೇಸಿಯಾ ಎಂದು ಬರೆದರು. ಈ ವಿವರಣೆ ಸರಿಯಾದದ್ದೇ, ಆದರೆ ಅರ್ಧದಷ್ಟು ಮಾತ್ರ. ಅದೇ ಅನುವಾದದಲ್ಲಿ ಅದೇ ಹೀಬ್ರೂ ಪದಕ್ಕೆ ಸಿನಗಾಗ್ ಎಂಬ ಗ್ರೀಕ್ ಪದವೂ ಬಂದಿದೆ. ಕ್ರೈಸ್ತರ ಕೈಗೆ ಎರಡೂ ಎಟುಕುತ್ತಿದ್ದವು, ಅವರು ಆರಿಸಿದ್ದು ಒಂದನ್ನು. ಗ್ರಂಥದಿಂದ ಪದ ದೊರೆತ ಬಗೆ ತಿಳಿಯುತ್ತದೆ, ಅದು ಬೀದಿಯಲ್ಲಿ ನೆಲೆನಿಂತ ಬಗೆ ತಿಳಿಯುವುದಿಲ್ಲ. ಗ್ರೀಕ್ ಪಟ್ಟಣದ ಸಾಮಾನ್ಯನ ಕಿವಿಗೆ ಎಕ್ಲೇಸಿಯಾ ಎಂದರೆ ಊರಿನ ಸಭೆ, ಎದ್ದು ಮಾತಾಡುವ ಹಕ್ಕು, ಎಣಿಕೆಗೆ ಸಿಗುವ ತಲೆ. ಆ ಹಕ್ಕೇ ಇಲ್ಲದವರ ಕೂಟ ತನ್ನನ್ನು ಆ ಹೆಸರಿನಿಂದ ಕರೆದುಕೊಂಡದ್ದು ಹೊಸ ಧರ್ಮ ಹರಡಲು ಒಂದು ದೊಡ್ಡ ಕಾರಣ ಎಂಬುದೇ ಇಲ್ಲಿನ ವಾದ.

ಆ ಕೂಟದಲ್ಲಿದ್ದವರು ಯಾರೆಂದು ನೋಡಿದರೆ ವಾದಕ್ಕೆ ಬಲ ಬರುತ್ತದೆ. ಕೊರಿಂಥದ ಬಂದರಾದ ಕೆಂಖ್ರೆಯದಲ್ಲಿ ಫೊಯಿಬೆ ಎಂಬಾಕೆ ಸಭೆಯ ಸೇವಕಿ. ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲನು ಆಕೆಯನ್ನು ಹೆಸರೆತ್ತಿ ಶಿಫಾರಸು ಮಾಡುತ್ತಾನೆ. ಗುಡಾರ ಮಾಡಿ ಬದುಕುತ್ತಿದ್ದ ಅಕ್ವಿಲ, ಪ್ರಿಸ್ಕ ದಂಪತಿ ರೋಮಿನಿಂದ ಕೊರಿಂಥಕ್ಕೆ, ಅಲ್ಲಿಂದ ಎಫೆಸಕ್ಕೆ, ಮತ್ತೆ ರೋಮಿಗೆ ಅಲೆದವರು. ಎಫೆಸದಲ್ಲೂ ರೋಮಿನಲ್ಲೂ ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು. ಕೊರಿಂಥದಲ್ಲಿ ಗುಲಾಮರೂ ಒಡೆಯರೂ ಒಂದೇ ಊಟಕ್ಕೆ ಕೂರುತ್ತಿದ್ದರು. ಅನುಕೂಲಸ್ಥರು ಮೊದಲೇ ಉಂಡು ಮುಗಿಸಿ, ಬಡವರು ಹಸಿದು ಕೂತಾಗ ಪೌಲನು ಖಾರವಾಗಿ ಬರೆದ. ಮನೆಯಲ್ಲಿ ಆಗಿದ್ದರೆ ಇಂಥ ತಾರತಮ್ಯವನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಸಭೆಯಲ್ಲಿ ಆಗಿದ್ದರಿಂದ ಅದು ತಪ್ಪಾಯಿತು.

ಈ ಪದದ ಎರಡು ಬಾಳನ್ನೂ ಒಟ್ಟಿಗೆ ತೋರಿಸುವ ಊರು ಎಫೆಸ. ಈಗಿನ ಟರ್ಕಿಯ ಸೆಲ್ಚುಕ್ ಪಟ್ಟಣದ ಬಳಿ ಅದರ ಅವಶೇಷಗಳಿವೆ. ಬೆಟ್ಟದ ಇಳಿಜಾರಿನಲ್ಲಿ ಕೊರೆದ, ಸುಮಾರು 25,000 ಮಂದಿ ಹಿಡಿಸುವ ರಂಗಮಂದಿರ ಇಂದಿಗೂ ನಿಂತಿದೆ. ಅಲ್ಲಿ ನಡೆದ ಗಲಭೆಯೊಂದನ್ನು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ವಿವರವಾಗಿ ಹೇಳುತ್ತದೆ. ದೇಮೇತ್ರಿಯ ಎಂಬ ಅಕ್ಕಸಾಲಿಗ ಅರ್ತೆಮೀದೇವಿಯ ಪುಟ್ಟ ಬೆಳ್ಳಿ ಗುಡಿಗಳನ್ನು ಮಾಡಿಸಿ ಮಾರುತ್ತಿದ್ದ. ಪೌಲನ ಬೋಧನೆಯಿಂದ ಕಸುಬಿಗೆ ಕುತ್ತು ಬಂತು, ದೇವಿಯ ಮಾನವೂ ಹೋಗುತ್ತದೆ ಎಂದು ಅವನು ಕಸುಬಿನವರನ್ನೆಲ್ಲ ಸೇರಿಸಿ ಹೇಳಿದ. ಹೊಟ್ಟೆಪಾಡೂ ಭಕ್ತಿಯೂ ಬೆರೆತ ಆ ಸಿಟ್ಟು ಊರಿಗೆಲ್ಲ ಹಬ್ಬಿತು. ಜನ ಪೌಲನ ಜೊತೆಗಾರರಾದ ಗಾಯ, ಅರಿಸ್ತಾರ್ಕರನ್ನು ಹಿಡಿದೆಳೆದುಕೊಂಡು ರಂಗಮಂದಿರಕ್ಕೆ ನುಗ್ಗಿದರು. ಪೌಲನೂ ಒಳಗೆ ಹೋಗುವೆನೆಂದಾಗ ಶಿಷ್ಯರು ಬಿಡಲಿಲ್ಲ. ಒಳಗೆ ಒಬ್ಬೊಬ್ಬರ ಕೂಗು ಒಂದೊಂದು ಬಗೆ. ತಾವು ಯಾಕೆ ಸೇರಿದೆವೆಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಯೆಹೂದ್ಯನಾದ ಅಲೆಕ್ಸಾಂದ್ರ ಮಾತಾಡಲು ಎದ್ದು ಕೈಸನ್ನೆ ಮಾಡಿದ. ಅವನು ಯೆಹೂದ್ಯನೆಂದು ತಿಳಿದ ಕೂಡಲೇ ಜನ ಒಕ್ಕೊರಲಿನಿಂದ ದೇವಿಗೆ ಜಯಕಾರ ಹಾಕತೊಡಗಿ ಎರಡು ತಾಸು ನಿಲ್ಲಿಸಲಿಲ್ಲ.

ಕೊನೆಗೆ ಊರಿನ ಕರಣಿಕ ಎದ್ದ. ದೇಮೇತ್ರಿಯನಿಗೆ ದೂರಿದ್ದರೆ ನ್ಯಾಯಸ್ಥಾನಗಳಿವೆ, ಅಧಿಪತಿಗಳಿದ್ದಾರೆ. ಅದಕ್ಕೂ ಮೀರಿದ್ದಾದರೆ ಕಾಯಿದೆಬದ್ಧ ಸಭೆಯಲ್ಲಿ ತೀರ್ಮಾನವಾಗಲಿ. ಈ ಗದ್ದಲಕ್ಕೆ ರೋಮನ್ನರು ಲೆಕ್ಕ ಕೇಳಿದರೆ ಕೊಡಲು ಉತ್ತರವಿಲ್ಲ ಎಂದು ತಿಳಿಹೇಳಿ ಜನರನ್ನು ಚದುರಿಸಿದ. ಈ ಪ್ರಸಂಗದಲ್ಲಿ ಎಕ್ಲೇಸಿಯಾ ಎಂಬ ಪದ ಮೂರು ಸಲ ಬರುತ್ತದೆ. ಒಮ್ಮೆ ದಿಕ್ಕುಗೆಟ್ಟ ಗುಂಪಿಗೆ, ಒಮ್ಮೆ ಕರಣಿಕ ಹೇಳಿದ ಕಾಯಿದೆಬದ್ಧ ಸಭೆಗೆ, ಮತ್ತೊಮ್ಮೆ ಅವನು ಚದುರಿಸಿದ ಜನಕ್ಕೆ. ಮುಂದಿನ ಅಧ್ಯಾಯದಲ್ಲಿ ಪೌಲನು ಮಿಲೇತದಿಂದ ಹೇಳಿಕಳುಹಿಸಿ ಎಫೆಸದ ಎಕ್ಲೇಸಿಯಾದ ಹಿರಿಯರನ್ನು ಕರೆಸುತ್ತಾನೆ. ಅಲ್ಲಿ ಮಾತ್ರ ಪದದ ಅರ್ಥ ಕ್ರೈಸ್ತ ಸಭೆ. ಗ್ರಂಥಕರ್ತ ಈ ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಕಾಕತಾಳೀಯ ಎನ್ನಲಾಗದು. ಒಂದೇ ಊರಿನಲ್ಲಿ ಎರಡು ಎಕ್ಲೇಸಿಯಾ. ದೊಡ್ಡದಕ್ಕೆ ತಾನು ಯಾಕೆ ಸೇರಿದೆನೆಂಬುದೇ ತಿಳಿಯದು, ಚಿಕ್ಕದಕ್ಕೆ ಚೆನ್ನಾಗಿ ತಿಳಿದಿದೆ.

ಎಫೆಸದ ಕಲ್ಲೂ ಇದೇ ಪದವನ್ನು ಹೇಳುತ್ತದೆ. ಸುಮಾರು 104ರಲ್ಲಿ ವಿಬಿಯುಸ್ ಸಲುಟಾರಿಸ್ ಎಂಬ ಸಿರಿವಂತ ಊರಿಗೆ ಅರ್ತೆಮಿಯ ಬೆಳ್ಳಿ ಮೂರ್ತಿಗಳನ್ನು ದಾನ ಕೊಟ್ಟ. ಎಕ್ಲೇಸಿಯಾ ಸೇರಿದಾಗ ಅವನ್ನು ರಂಗಮಂದಿರದಲ್ಲಿ ಪೀಠದ ಮೇಲಿಡಬೇಕೆಂದು ಗ್ರೀಕ್, ಲ್ಯಾಟಿನ್ ಎರಡರಲ್ಲೂ ಕೆತ್ತಿಸಿದ. ಲ್ಯಾಟಿನ್ ಪಾಠದಲ್ಲೂ ಎಕ್ಲೇಸಿಯಾ ಹಾಗೇ ಉಳಿದಿದೆ. ತಮ್ಮ ಭಾಷೆಯಲ್ಲಿ ಜನಸಭೆಗೆ ಕೊಮಿಟಿಯಾ, ಕೊಂಟಿಯೋ ಎಂಬ ಪದಗಳಿದ್ದರೂ ಲ್ಯಾಟಿನ್ ಕ್ರೈಸ್ತರು ಸಹ ಮುಂದೆ ಎಕ್ಲೇಸಿಯಾವನ್ನೇ ಉಳಿಸಿಕೊಂಡರು. ರೋಮಿನ ಪದ ರೋಮಿನ ರಾಜ್ಯಕ್ಕೆ ಕಟ್ಟಿಹಾಕುತ್ತಿತ್ತು. ಹೊರಗಿನ ಪದದಲ್ಲಿ ಸಭೆಯ ಘನತೆ ಇತ್ತು, ರಾಜ್ಯದ ಹಂಗು ಇರಲಿಲ್ಲ.

ಆಳುವವರಿಗೂ ಹೆಸರಿನ ತೂಕ ಗೊತ್ತಿತ್ತು. ಸುಮಾರು 112ರಲ್ಲಿ ಕಪ್ಪು ಸಮುದ್ರದ ದಂಡೆಯ ಬಿಥಿನಿಯ–ಪೊಂಟಸ್ ಪ್ರಾಂತ್ಯದ ಅಧಿಪತಿಯಾಗಿದ್ದ ಪ್ಲಿನಿ, ಅಮಿಸಸ್ ಪಟ್ಟಣದ ಹಣಕಾಸಿನ ತಕರಾರೊಂದರ ಬಗ್ಗೆ ಚಕ್ರವರ್ತಿ ಟ್ರೇಜನನಿಗೆ ಬರೆದಾಗ ಊರಿನ ಸಭೆಯನ್ನು ಎಕ್ಲೇಸಿಯಾ ಎಂದೇ ಕರೆದ. ಕ್ರೈಸ್ತರ ಬಗ್ಗೆ ಬರೆದ ಪತ್ರದಲ್ಲಿ ಆ ಪದವಿಲ್ಲ, ಇರುವುದು ಹೆಟೈರಿಯಾ ಎಂಬ ಮಾತು. ಗುಟ್ಟಿನ ಕೂಟ ಎಂಬ ಅನುಮಾನ ಅದರೊಳಗೇ ಇದೆ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಸೇರಿ ಕ್ರಿಸ್ತನಿಗೆ ಹಾಡುತ್ತಾರೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಇಡುತ್ತಾರೆ, ಆಮೇಲೆ ಒಟ್ಟಿಗೆ ಉಣ್ಣುತ್ತಾರೆ ಎಂದು ಪ್ಲಿನಿ ವರದಿ ಮಾಡಿದ. ಈ ವಿವರ ದೃಢಪಡಿಸಿಕೊಳ್ಳಲು ಅವನು ಚಿತ್ರಹಿಂಸೆ ಕೊಟ್ಟದ್ದು ಸೇವಕಿಯರೆಂದು ಕರೆಯಲಾಗುತ್ತಿದ್ದ ಇಬ್ಬರು ಗುಲಾಮ ಹೆಂಗಸರಿಗೆ. ಊರಿನ ಸಭೆಯ ಬಾಗಿಲವರೆಗೂ ಹೋಗಲಾರದ ಆ ಇಬ್ಬರು ಇನ್ನೊಂದು ಸಭೆಯಲ್ಲಿ ಹೊಣೆ ಹೊತ್ತಿದ್ದರು. ಅದೇ ಪ್ರಾಂತ್ಯದ ನಿಕೊಮೀಡಿಯದಲ್ಲಿ 150 ಮಂದಿಯ ಅಗ್ನಿಶಾಮಕ ತಂಡ ಕಟ್ಟಲು ಪ್ಲಿನಿ ಕೇಳಿದಾಗ, ಏನೇ ಹೆಸರಿಟ್ಟರೂ ಅದು ರಾಜಕೀಯ ಕೂಟವಾಗಿಬಿಡುತ್ತದೆ ಎಂದು ನಿರಾಕರಿಸಿದ ದೊರೆ ಟ್ರೇಜನ್. ಕ್ರೈಸ್ತರ ವಿಷಯದಲ್ಲಿ ಅವನು ಕೊಟ್ಟ ಉತ್ತರ, ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ಸ್ವೀಕರಿಸಬೇಡ, ತಪ್ಪು ಸಾಬೀತಾದರೆ ಶಿಕ್ಷಿಸು ಎಂಬುದು.

ಈ ಸಭೆಗಳು ಬೆಳೆದದ್ದು ಬಂದರು, ಹೆದ್ದಾರಿಗಳ ಗುಂಟ. ರೋಮನ್ನರ ರಸ್ತೆ, ಎಲ್ಲೆಡೆ ನಡೆಯುತ್ತಿದ್ದ ಗ್ರೀಕ್ ಭಾಷೆ, ಊರೂರಿನಲ್ಲಿದ್ದ ಯೆಹೂದ್ಯರ ನೆಲೆಗಳು ದಾರಿ ಮಾಡಿಕೊಟ್ಟವು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದ ಅಂತಿಯೋಕ್ಯ, ಅಲೆಕ್ಸಾಂಡ್ರಿಯ, ಕಾರ್ಥೇಜ್, ರೋಮ್ ಈ ಜಾಲದ ದೊಡ್ಡ ಗಂಟುಗಳಾದವು. ಒಂದು ಸಭೆಯ ಪತ್ರ ಹಿಡಿದು ಬಂದವನಿಗೆ ಇನ್ನೊಂದು ಸಭೆಯಲ್ಲಿ ಊಟ, ವಸತಿ ಸಿಗುತ್ತಿತ್ತು. ಪಟ್ಟಣದ ಎಕ್ಲೇಸಿಯಾ ಪಟ್ಟಣದ ಗೋಡೆಯವರೆಗೆ ಮಾತ್ರ, ಕ್ರೈಸ್ತರದ್ದು ಯೂಫ್ರಟಿಸ್‌ನಿಂದ ಸ್ಪೇನಿನವರೆಗೆ ಒಂದೇ. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಂತೆ ಅಲ್ಲಿನ ಸಭೆಯಲ್ಲಿ 46 ಹಿರಿಯರು, 7 ಸೇವಕರು ಇದ್ದರು. ವಿಧವೆಯರೂ ದಿಕ್ಕಿಲ್ಲದವರೂ ಸೇರಿ 1500ಕ್ಕೂ ಹೆಚ್ಚು ಮಂದಿಯನ್ನು ಸಭೆ ಸಾಕುತ್ತಿತ್ತು. ಅದೇ ಕಾಲಕ್ಕೆ ಸಾಂಕ್ರಾಮಿಕ ಹಬ್ಬಿದಾಗ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳ ಪಕ್ಕ ಕೂತು ಆರೈಕೆ ಮಾಡಿ ತಾವೂ ಸತ್ತರೆಂದು ಅಲ್ಲಿನ ಬಿಷಪ್ ದಿಯೊನೀಸಿಯಸ್ ದಾಖಲಿಸಿದ. ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ಅಂದಾಜಿನಂತೆ 40ರಲ್ಲಿ 1000ದಷ್ಟಿದ್ದ ಕ್ರೈಸ್ತರು ಹತ್ತು ವರ್ಷಕ್ಕೆ ಶೇ. 40ರಂತೆ ಬೆಳೆದರೆ 300ರ ಹೊತ್ತಿಗೆ 60 ಲಕ್ಷವಾಗುತ್ತಾರೆ, ಅಂದರೆ ಸಾಮ್ರಾಜ್ಯದ ಹತ್ತರಲ್ಲೊಂದು ಪಾಲು. ಇಂಥ ಬೆಳವಣಿಗೆಗೆ ಪವಾಡಗಳೇ ಬೇಕಿಲ್ಲ. ನೆರೆಹೊರೆ, ನೆಂಟಸ್ತಿಕೆ, ಕಷ್ಟಕ್ಕೆ ಆಗುವ ಸಭೆ ಸಾಕು.

ಇಷ್ಟು ಬೆಳೆದ ಮೇಲೂ ಪದ ಗೋಡೆಗೆ ಅಂಟಲಿಲ್ಲ. ಸಿರಿಯದ ಯೂಫ್ರಟಿಸ್ ದಂಡೆಯ ದುರಾ–ಯೂರೋಪಸ್‌ನಲ್ಲಿ 1930ರ ದಶಕದ ಆರಂಭದಲ್ಲಿ ಉತ್ಖನನದಿಂದ ಹೊರಬಂದ ಸಭಾಗೃಹ ಮೂಲದಲ್ಲಿ ಸಾದಾ ಮನೆ. ಸುಮಾರು 240ರಲ್ಲಿ ನಡುಗೋಡೆ ಒಡೆದು ಎರಡು ಕೋಣೆಗಳನ್ನು ಒಂದು ಮಾಡಿದ್ದರು. 272ರಲ್ಲಿ ಅಂತಿಯೋಕ್ಯದ ಕಟ್ಟಡವೊಂದರ ವ್ಯಾಜ್ಯ ಚಕ್ರವರ್ತಿ ಔರೇಲಿಯನನ ಮುಂದೆ ಹೋಯಿತು. ಇತಿಹಾಸಕಾರ ಯೂಸೀಬಿಯಸ್ ಅದನ್ನು ಎಕ್ಲೇಸಿಯಾದ ಮನೆ ಎಂದು ಕರೆಯುತ್ತಾನೆ. ಮನೆ ಬೇರೆ, ಸಭೆ ಬೇರೆ ಎಂಬ ಎಚ್ಚರ ಆ ಮಾತಿನಲ್ಲಿ ಉಳಿದಿದೆ.

303ರ ಫೆಬ್ರವರಿ 23ರಂದು ನಿಕೊಮೀಡಿಯದ ಸಭಾಗೃಹವನ್ನು ಕೆಡವುವುದರೊಂದಿಗೆ ಚಕ್ರವರ್ತಿ ಡಯೊಕ್ಲೀಷಿಯನನ ಕ್ರೈಸ್ತ ದಮನ ಆರಂಭವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರ ಆಫ್ರಿಕದ ಕಿರ್ಟಾ ಪಟ್ಟಣದಲ್ಲಿ ಅಧಿಕಾರಿಗಳು ಮಾಡಿದ ಜಪ್ತಿಪಟ್ಟಿ ಉಳಿದಿದೆ. ಅದರಲ್ಲಿ ಚಿನ್ನದ 2 ಪಾನಪಾತ್ರೆ, ಬೆಳ್ಳಿಯ 6 ಪಾನಪಾತ್ರೆ, ಹೆಂಗಸರ 82 ನಿಲುವಂಗಿ, 38 ತಲೆವಸ್ತ್ರ, ಗಂಡಸರ 16 ನಿಲುವಂಗಿ, ಗಂಡಸರ 13 ಜೊತೆ ಮತ್ತು ಹೆಂಗಸರ 47 ಜೊತೆ ಪಾದರಕ್ಷೆಗಳಿವೆ. ಬಡ ಹೆಂಗಸರಿಗೆ ಹಂಚಲು ಕೂಡಿಟ್ಟ ಬಟ್ಟೆಯೇ ಇರಬೇಕು. ದಾಖಲೆ ಆ ಜಾಗವನ್ನು ಕ್ರೈಸ್ತರು ಸೇರುತ್ತಿದ್ದ ಮನೆ ಎಂದಷ್ಟೇ ಗುರುತಿಸುತ್ತದೆ. ಆ ಸಭೆ ಎಂಥದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹತ್ತು ವರ್ಷದಲ್ಲಿ ರಾಜ್ಯದ ಭಾಷೆ ಬದಲಾಯಿತು. 313ರಲ್ಲಿ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್, ಲಿಸಿನಿಯಸ್ ಇಬ್ಬರೂ ಕೂಡಿ ಕ್ರೈಸ್ತರ ಆಸ್ತಿಯನ್ನು ಹಿಂದಿರುಗಿಸಲು ಆದೇಶಿಸಿದಾಗ, ಅದು ಬಿಡಿ ವ್ಯಕ್ತಿಗಳದಲ್ಲ, ಎಕ್ಲೇಸಿಯಾಗಳದು ಎಂದು ಬರೆಸಿದರು. ಪ್ಲಿನಿ ಕೊಡದ ಹೆಸರನ್ನು ಇನ್ನೂರು ವರ್ಷಗಳ ಬಳಿಕ ಸಾಮ್ರಾಜ್ಯವೇ ಕಾಗದದಲ್ಲಿ ಒಪ್ಪಿಕೊಂಡಿತು. ಆಮೇಲೆ ರೋಮಿನ ಲ್ಯಾಟರನ್‌ನಲ್ಲಿ ಎದ್ದ ದೊಡ್ಡ ಕಟ್ಟಡಕ್ಕೆ ನ್ಯಾಯ, ವ್ಯಾಪಾರಗಳ ಸಭಾಂಗಣವಾದ ಬಸಿಲಿಕಾ ಮಾದರಿಯಾಯಿತು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಕ್ರೈಸ್ತ ಮತವನ್ನು ರಾಜ್ಯದ ಮತವಾಗಿಸಿದ. ಊರಿನ ಹಳೆಯ ಜನಸಭೆಗಳು ಅಷ್ಟರಲ್ಲಿ ನಿಸ್ತೇಜವಾಗಿದ್ದವು, ಅವುಗಳ ಹೆಸರು ಕ್ರೈಸ್ತರ ಪಾಲಿಗೆ ಉಳಿಯಿತು. ಕಟ್ಟಡಗಳು ದೊಡ್ಡದಾದಂತೆ ಆ ಹೆಸರು ಕಟ್ಟಡಕ್ಕೂ ಹತ್ತಿತು.

ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ ಈ ಪದವೇ ಫ್ರೆಂಚಿನ ಎಗ್ಲೀಸ್, ಸ್ಪ್ಯಾನಿಷಿನ ಇಗ್ಲೇಸಿಯ, ಪೋರ್ಚುಗೀಸಿನ ಇಗ್ರೇಜ ಆಯಿತು. ಪೋರ್ಚುಗೀಸರೊಂದಿಗೆ ಪಶ್ಚಿಮ ಕರಾವಳಿಗೆ ಬಂದು ಕೊಂಕಣಿಯ ಬಾಯಿಂದ ಕರಾವಳಿ ಕನ್ನಡದಲ್ಲಿ ಇಗರ್ಜಿ ಎಂದು ನೆಲೆಸಿತು. ಇಂಗ್ಲಿಷಿನ ಚರ್ಚ್ ಬೇರೆ ಬುಡದ್ದು, ಪ್ರಭುವಿಗೆ ಸೇರಿದ್ದು ಎಂಬರ್ಥದ ಗ್ರೀಕ್ ಕೀರಿಯಕೋನ್‌ನಿಂದ ಬಂದದ್ದು. ಕನ್ನಡ ಬೈಬಲಿನ ಅನುವಾದಕರು ಎಕ್ಲೇಸಿಯಾಕ್ಕೆ ಸಭೆ ಎಂದರು. ಪ್ರೊಟೆಸ್ಟೆಂಟರಲ್ಲಿ ಸಭಾಪಾಲಕ, ಕಥೋಲಿಕರಲ್ಲಿ ಧರ್ಮಸಭೆ ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ. ಇಷ್ಟು ಸಿರಿಯಿದ್ದೂ ಪತ್ರಿಕೆ, ಟೀವಿಗಳ ಕನ್ನಡ ಎಲ್ಲದಕ್ಕೂ ಚರ್ಚ್ ಎಂಬ ಒಂದೇ ಪದಕ್ಕೆ ಜೋತುಬಿದ್ದಿರುವುದು ಬೇಸರದ ಸಂಗತಿ. ರೋಮನ್ ಕಾಲದ ಮೊದಲ ಮೂರು ಶತಮಾನಗಳ ಬಗ್ಗೆ ಬರೆಯುವಾಗ ಸಭೆ ಎನ್ನಬೇಕು. ಆ ಜನ ಸೇರಿದ ಮನೆಗೆ ಸಭೆಯ ಮನೆ ಎನ್ನಬೇಕು. ಕಾನ್‌ಸ್ಟಂಟೈನನ ನಂತರದ ಕಟ್ಟಡಕ್ಕೆ ಚರ್ಚ್ ಎಂದರೂ ಆದೀತು, ಇಗರ್ಜಿ ಎಂದರೂ ಆದೀತು.