ಹಲಗೆಯ ಮೇಲೆ ಸಿರುಗುಪ್ಪ ಟರ್ಮಿನಸ್

ಸಿರುಗುಪ್ಪದವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ದಕ್ಷಿಣಕ್ಕೆ ಬಳ್ಳಾರಿ, ಇಲ್ಲವೇ ಪೂರ್ವಕ್ಕೆ ಆಂಧ್ರಪ್ರದೇಶದ ಆದೋನಿ. ಕುರುಗೋಡಿನವರಿಗೂ ಬಳ್ಳಾರಿಯೇ ಗತಿ. ಭತ್ತದ ಕಣಜ ಎನಿಸಿಕೊಂಡ ಈ ಸೀಮೆಗೆ ರೈಲು ಬೇಕೆಂಬ ಕೂಗು ಇಂದು ನಿನ್ನೆಯದಲ್ಲ. ಮನವಿ, ಸರ್ವೆ, ಭರವಸೆಗಳಿಂದ ಕಡತ ದಪ್ಪವಾಗಿದೆ. ಹಳಿ ಮಾತ್ರ ಬಿದ್ದಿಲ್ಲ.

ಆದರೆ ರೈಲು ಬಾರದ ಊರಿಗೂ ನಿಲ್ದಾಣ ಕಟ್ಟುವ ಹವ್ಯಾಸವೊಂದು ಜಗತ್ತಿನಲ್ಲಿದೆ. ಅದೇ ಮಾದರಿ ರೈಲ್ವೆ. ಎಂಟಡಿ ಉದ್ದದ ಒಂದು ಹಲಗೆ, ಬೆರಳಗಲದ ಹಳಿ, ಅಂಗೈಯಲ್ಲಿ ಹಿಡಿಸುವ ಎಂಜಿನ್, ಬೆಂಕಿಪೊಟ್ಟಣದಷ್ಟು ದೊಡ್ಡ ಟಿಕೆಟ್ ಮನೆ. ಈ ಹವ್ಯಾಸದವರಲ್ಲಿ ಕೆಲವರು ಇರುವ ನಿಲ್ದಾಣವನ್ನೇ ಅಳತೆ ತಪ್ಪದೆ ಕಿರಿದು ಮಾಡುತ್ತಾರೆ. ಇನ್ನು ಕೆಲವರು ಭೂಪಟದಲ್ಲೇ ಇಲ್ಲದ ನಗರವನ್ನು ಕಲ್ಪಿಸಿ, ಅದಕ್ಕೊಂದು ಟರ್ಮಿನಸ್, ಅಂದರೆ ಹಳಿ ಮುಗಿಯುವ ನಿಲ್ದಾಣವನ್ನು ಕಟ್ಟುತ್ತಾರೆ. ನೋಡುವವರಿಗೆ ಇದು ಮಕ್ಕಳಾಟ. ಕಟ್ಟಲು ಕುಳಿತವರಿಗೆ ಗೊತ್ತು, ಇದು ಇತಿಹಾಸದ ಪರೀಕ್ಷೆ. ಸಿರುಗುಪ್ಪವನ್ನೇ ಹಲಗೆಯ ಮೇಲೆ ಕಟ್ಟಲು ಹೊರಟರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ.

ಆಟಿಕೆಯಿಂದ ಊರಿನವರೆಗೆ

ಆಟಿಕೆ ರೈಲಿಗೆ ಒಂದು ಶಿಸ್ತು ತಂದದ್ದು ಜರ್ಮನಿಯ ಮಾರ್ಕ್ಲಿನ್ ಕಂಪನಿ. 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಅದು ಕೀಲಿ ಕೊಟ್ಟರೆ ಓಡುವ ರೈಲನ್ನೂ ಗೊತ್ತಾದ ಅಗಲದ ಹಳಿಗಳನ್ನೂ ಮಾರಾಟಕ್ಕಿಟ್ಟಿತು. ಇಂದು ಹಳಿಯ ಒಂದು ತುಂಡು ಕೊಂಡು, ಮುಂದಿನ ವರ್ಷ ಇನ್ನೊಂದು ತುಂಡನ್ನು ಅದಕ್ಕೆ ಜೋಡಿಸಬಹುದಾಯಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಇಂಥ ರೈಲುಗಳನ್ನು ಮಾರುಕಟ್ಟೆಗೆ ತಂದ. ವಿದ್ಯುತ್ ಮೋಟಾರು ಬಂದ ಮೇಲೆ ದೊಡ್ಡವರೂ ಮಕ್ಕಳ ಪಕ್ಕದಲ್ಲಿ ನೆಲಕ್ಕೆ ಕೂತರು.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣದ ಹೆಸರು ಎಚ್‌ಒ. ನಿಜವಾದದ್ದರ 87ರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ ಕಷ್ಟ ತಿಳಿಯುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1507 ಮೀಟರ್ ಉದ್ದವಿದೆ. ಅದನ್ನು ಈ ಪ್ರಮಾಣಕ್ಕೆ ಇಳಿಸಿದರೂ 17 ಮೀಟರ್ ದಾಟುತ್ತದೆ! ಯಾರ ಮನೆಯ ಪಡಸಾಲೆಯೂ ಅಷ್ಟು ಉದ್ದವಿರದು. ಆದ್ದರಿಂದ ಮಾದರಿಕಾರರು ಅಳತೆಯನ್ನು ಉಳಿಸಿಕೊಂಡು ಉದ್ದವನ್ನು ಬಿಟ್ಟುಕೊಡುತ್ತಾರೆ. ಬೋಗಿಯ ಗಾತ್ರ ಸರಿಯಾಗಿರುತ್ತದೆ, ಬೋಗಿಗಳು ಇಪ್ಪತ್ತರ ಬದಲು ನಾಲ್ಕು ಇರುತ್ತವೆ.

ಈ ಇಕ್ಕಟ್ಟಿಗೆ ಜಾಣ ಪರಿಹಾರ ಸೂಚಿಸಿದವನು ಇಂಗ್ಲೆಂಡಿನ ‘ರೈಲ್ವೆ ಮಾಡೆಲರ್’ ಪತ್ರಿಕೆಯ ಸಂಪಾದಕ ಸಿರಿಲ್ ಫ್ರೀಜರ್. 1957ರಲ್ಲಿ ಅವನು ‘ಮೈನರೀಸ್’ ಎಂಬ ನಕ್ಷೆ ಪ್ರಕಟಿಸಿದ. ಅದು ಲಂಡನ್ನಿನ ನಡುವೆ ಇದ್ದಿರಬಹುದಾದ, ಆದರೆ ಇಲ್ಲದ ಒಂದು ನಗರ ಟರ್ಮಿನಸ್. ಮೂರು ಪ್ಲಾಟ್‌ಫಾರಂ, ಹೋಗಿಬರಲು ಎರಡು ಹಳಿ, ಯಾವ ಹಳಿಯಿಂದ ಯಾವ ಪ್ಲಾಟ್‌ಫಾರಂಗೆ ಬೇಕಾದರೂ ತಿರುಗಬಹುದಾದ ಪಾಯಿಂಟುಗಳ ಜೋಡಣೆ. ಎಲ್ಲವೂ ಪುಸ್ತಕದ ಕಪಾಟಿನ ಹಲಗೆಯಷ್ಟು ಜಾಗದಲ್ಲಿ. ಅಂದಿನಿಂದ ಇಂದಿನವರೆಗೆ ಆ ನಕ್ಷೆಯನ್ನು ಹಿಡಿದು ಕಟ್ಟಿದ ಕಾಲ್ಪನಿಕ ನಿಲ್ದಾಣಗಳಿಗೆ ಲೆಕ್ಕವಿಲ್ಲ.

ನಮ್ಮ ನೆರೆಯ ಪುಣೆಯಲ್ಲಿ ಜೋಷಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇದೆ. ಅಲ್ಲಿ ಓಡುವ ರೈಲುಗಳ ಸುತ್ತಲಿನ ಪುಟ್ಟ ನಗರವೂ ಕಲ್ಪನೆಯದೇ. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಆರಂಭವಾದ ‘ಮಿನಿಯಾಟೂರ್ ವುಂಡರ್‌ಲ್ಯಾಂಡ್’ನಲ್ಲಂತೂ ಕ್ನುಫಿಂಗನ್ ಎಂಬ ಇಲ್ಲದ ಊರಿಗೆ ವಿಮಾನ ನಿಲ್ದಾಣವನ್ನೂ ಕಟ್ಟಿದ್ದಾರೆ.

ಮಾಲ್ಗುಡಿಯ ದಾರಿ

ಕಲ್ಪನೆಯ ನಿಲ್ದಾಣ ಕನ್ನಡ ನಾಡಿಗೆ ಹೊಸದೇನಲ್ಲ. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು, ಆರ್.ಕೆ. ನಾರಾಯಣ್ ಕಾದಂಬರಿ ಬರೆಯಲು ಕುಳಿತರು. ಆಗ ಅವರ ಕಣ್ಣಿಗೆ ಮೊದಲು ಕಟ್ಟಿದ್ದು ಒಂದು ಪುಟ್ಟ ರೈಲು ನಿಲ್ದಾಣ. ಮಾಲ್ಗುಡಿ ಎಂಬ ಊರು ಬೆಳೆದದ್ದು ಆ ನಿಲ್ದಾಣದ ಸುತ್ತ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆಯುವಾಗ ಊರು ಆಗುಂಬೆಯಲ್ಲಿ ಸಿಕ್ಕಿತು, ಆಗುಂಬೆಗೆ ರೈಲಿಲ್ಲ. ನಿಲ್ದಾಣಕ್ಕಾಗಿ ಅವರು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿಗೆ ಹೋದರು. ಆ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಆಯಿತು. ಇಲ್ಲದ ಊರಿನ ನಿಲ್ದಾಣವನ್ನು ನೋಡಲು ಇರುವ ಊರಿಗೆ ಜನ ಬರುವಂತಾಯಿತು.

ಮಾಲ್ಗುಡಿಯನ್ನು ಜನ ನಂಬಿದ್ದೇಕೆ? ಅಲ್ಲಿಗೆ ರೈಲು ಬರುವುದಕ್ಕೆ ಕಾರಣಗಳಿದ್ದವು. ಅಲ್ಲಿನ ಜನ ಮದ್ರಾಸಿಗೆ ಹೋಗಿಬರುತ್ತಿದ್ದರು, ವರ್ಗವಾದ ಅಧಿಕಾರಿಯ ಮಗ ಗೆಳೆಯನನ್ನು ಬಿಟ್ಟು ರೈಲು ಹತ್ತುತ್ತಿದ್ದ. ಮಾದರಿಕಾರನಿಗೂ ಇದೇ ನಿಯಮ. ರೈಲು ಎಲ್ಲಿಂದ ಬರುತ್ತದೆ? ಏನನ್ನು ಹೊತ್ತು ತರುತ್ತದೆ? ಯಾರು ಹಣ ಹಾಕಿದರು? ಹಳಿ ಇಲ್ಲಿಗೇ ಏಕೆ ನಿಂತಿತು? ಈ ನಾಲ್ಕಕ್ಕೆ ಉತ್ತರವಿಲ್ಲದ ನಿಲ್ದಾಣ ಎಷ್ಟು ಚಂದವಿದ್ದರೂ ಆಟಿಕೆಯೇ. ಸಿರುಗುಪ್ಪಕ್ಕೆ ಉತ್ತರ ಹುಡುಕಲು ಬಳ್ಳಾರಿಯ ಇತಿಹಾಸಕ್ಕೇ ಹೋಗಬೇಕು.

ಹಳಿ ಬಿದ್ದ ಕಥೆ

ಮದ್ರಾಸ್ ರೈಲ್ವೆ ಕಂಪನಿಗೆ ಬೇಕಿದ್ದದ್ದು ಮದ್ರಾಸನ್ನು ಮುಂಬಯಿಗೆ ಜೋಡಿಸುವ ದಾರಿ. 1871ರಲ್ಲಿ ಆ ಮಾರ್ಗ ಗುಂತಕಲ್, ಆದೋನಿಗಳ ಮೇಲೆ ರಾಯಚೂರು ತಲುಪಿ, ಮುಂಬಯಿ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಹತ್ತಿಯ ಪೇಟೆಯಾದ ಆದೋನಿಗೆ ಅದೃಷ್ಟ ಒಲಿಯಿತು. ಸಿರುಗುಪ್ಪ ಪಕ್ಕದಲ್ಲೇ ಇದ್ದೂ ಹೊರಗುಳಿಯಿತು. ಜಿಲ್ಲಾ ಕೇಂದ್ರವೂ ದಂಡಿನ ಠಾಣೆಯೂ ಆಗಿದ್ದ ಬಳ್ಳಾರಿಗೆ ಗುಂತಕಲ್ ಕಡೆಯಿಂದ ಕವಲು ಬಂತು. ಇಂದಿನ ಬಳ್ಳಾರಿ ಜಂಕ್ಷನ್ ಆಗ ಜಂಕ್ಷನ್ ಆಗಿರಲಿಲ್ಲ. ಹಳಿ ಅಲ್ಲಿಗೇ ಮುಗಿಯುತ್ತಿತ್ತು. ಅಂದರೆ ಬಳ್ಳಾರಿಯೇ ಒಂದು ಟರ್ಮಿನಸ್ ಆಗಿತ್ತು.

ಅದರ ಅರ್ಥ ಏನೆಂದು 1876–78ರ ಮಹಾಕ್ಷಾಮ ತೋರಿಸಿತು. ಧಾತು ಸಂವತ್ಸರದಲ್ಲಿ ಮೊದಲಾದ ಆ ಬರದಲ್ಲಿ ಬಳ್ಳಾರಿ ಸೀಮೆ ನುಚ್ಚುನೂರಾಯಿತು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಕುಸಿಯಿತು. ಹಳಿ ಇರುವವರೆಗೆ ಧಾನ್ಯ ಬರುತ್ತಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಆಗಬೇಕು; ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಕೊಳ್ಳಲು ಕಾಸಿಲ್ಲದವರಿಗೆ ನಿಲ್ದಾಣದಲ್ಲಿ ರಾಶಿ ಬಿದ್ದ ಮೂಟೆಗಳಿಂದ ಪ್ರಯೋಜನವೂ ಇರಲಿಲ್ಲ. ರೈಲೊಂದೇ ಹಸಿವನ್ನು ನೀಗದು ಎಂಬುದೂ ಆಗಲೇ ಗೊತ್ತಾಯಿತು.

ಆದರೂ 1880ರ ಕ್ಷಾಮ ಆಯೋಗ ಬರ ಬೀಳುವ ಸೀಮೆಗಳಿಗೆ ರೈಲು ಮಾರ್ಗ ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಗದಗದಿಂದ ಹೊಸಪೇಟೆಯ ಮೇಲೆ ಮೀಟರ್ ಗೇಜ್ ಹಳಿ ಬಳ್ಳಾರಿಗೆ ಬಂತು. 20ನೇ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ, ಬಳ್ಳಾರಿಯಿಂದ ರಾಯದುರ್ಗಕ್ಕೆ ಕವಲುಗಳು ಬಿದ್ದವು. ಈ ಎರಡು ಊರುಗಳೂ ದಶಕಗಳ ಕಾಲ ಹಳಿ ಮುಗಿಯುವ ಊರುಗಳಾಗಿದ್ದವು. ಈಗ ಕೊಟ್ಟೂರಿನ ಹಳಿ ಹರಿಹರದ ಕಡೆಗೂ ರಾಯದುರ್ಗದ ಹಳಿ ಚಿತ್ರದುರ್ಗದ ಕಡೆಗೂ ಮುಂದುವರಿದಿವೆ.

ಇಲ್ಲಿಗೆ ನಮ್ಮ ಉತ್ತರ ಸಿಕ್ಕಿತು. ಕೊಟ್ಟೂರು, ರಾಯದುರ್ಗಗಳ ಜೊತೆಗೇ ಮೂರನೆಯ ಕವಲು ಬಿದ್ದಿತ್ತು ಎಂದು ಭಾವಿಸೋಣ. ಬಳ್ಳಾರಿಯಿಂದ ಕುರುಗೋಡು, ತೆಕ್ಕಲಕೋಟೆಗಳ ಮೇಲೆ ಸಿರುಗುಪ್ಪಕ್ಕೆ. ಮುಂದೆ ಹೋಗುವಂತಿಲ್ಲ. ಎದುರಿಗೆ ತುಂಗಭದ್ರಾ ನದಿ. ಆಚೆ ದಡ ನಿಜಾಮರ ಸೀಮೆ. ಸೇತುವೆ ಕಟ್ಟಲು ಎರಡು ಸರ್ಕಾರಗಳು ಒಪ್ಪಬೇಕು, ಹಣವನ್ನೂ ಹಂಚಿಕೊಳ್ಳಬೇಕು. ಹಾಗಾಗಿ ಹಳಿ ನದಿಯ ಈಚೆಗೇ ನಿಂತಿತು. ಟರ್ಮಿನಸ್‌ಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಹಲಗೆ ಹಾಸೋಣ

ಮಾದರಿಕಾರ ಮೊದಲು ಒಂದು ವರ್ಷವನ್ನು ಆರಿಸಿಕೊಳ್ಳುತ್ತಾನೆ. ನಾವು 1955 ಎನ್ನೋಣ. ಭಾಷಾವಾರು ವಿಂಗಡಣೆಯಲ್ಲಿ 1953ರ ಅಕ್ಟೋಬರ್ 1ರಂದು ಆದೋನಿ, ರಾಯದುರ್ಗ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಸಿರುಗುಪ್ಪವೂ ಸೇರಿದಂತೆ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿದೆ. ಸಿರುಗುಪ್ಪದ ಅಕ್ಕಿಗೆ ಹತ್ತಿರವಿದ್ದ ಆದೋನಿ ನಿಲ್ದಾಣ ಈಗ ಬೇರೆ ರಾಜ್ಯದಲ್ಲಿದೆ. ಹೊಸಪೇಟೆಯ ಅಣೆಕಟ್ಟಿನ ನೀರು ಕಾಲುವೆಗೆ ಬಂದಿದೆ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳ ಭತ್ತಕ್ಕೆ ಹೊಸ ಗದ್ದೆಗಳ ಭತ್ತ ಸೇರುತ್ತಿದೆ. ಊರು ನಗರವಾಗಲು ಬೇಕಾದ ಎಲ್ಲವೂ ಇದೆ, ಹಳಿಯೊಂದನ್ನು ಬಿಟ್ಟು. ಆ ಹಳಿಯನ್ನು ನಾವು ಕೊಡುತ್ತಿದ್ದೇವೆ.

ಮೀಟರ್ ಗೇಜಿನ ಹಳಿ ಎಚ್‌ಒ ಪ್ರಮಾಣದಲ್ಲಿ 12 ಮಿಲಿಮೀಟರ್ ಆಸುಪಾಸು. ವೈಪಿ ವರ್ಗದ ಉಗಿ ಎಂಜಿನ್ ಮತ್ತು ನಾಲ್ಕು ಬೋಗಿ ಸೇರಿದರೆ ಒಂದು ಮೀಟರಿಗೆ ತುಸು ಹೆಚ್ಚು. ಎಂಟಡಿ ಹಲಗೆಯಲ್ಲಿ ಅರ್ಧದಷ್ಟು ಜಾಗ ಇದಕ್ಕೇ ಆಯಿತು. ಆದ್ದರಿಂದ ಪ್ಲಾಟ್‌ಫಾರಂ ಎರಡೇ ಇರಲಿ. ಪಕ್ಕದಲ್ಲಿ ಅಕ್ಕಿ ಗಿರಣಿಗೆ ಹೋಗುವ ಒಂದು ಹಳಿ, ಹತ್ತಿ, ಶೇಂಗಾ, ಮೆಣಸಿನಕಾಯಿ ಚೀಲಗಳಿಗೆ ಗೂಡ್ಸ್ ಶೆಡ್.

ಟರ್ಮಿನಸ್‌ನ ಗಮ್ಮತ್ತು ಇರುವುದು ಶಂಟಿಂಗ್‌ನಲ್ಲಿ. ಬಂದ ಎಂಜಿನ್ ಮುಂದೆ ಹೋಗುವಂತಿಲ್ಲ, ಹಿಂದೆ ಬೋಗಿಗಳಿವೆ. ಅದನ್ನು ಬಿಡಿಸಿ, ಪಕ್ಕದ ಹಳಿಗೆ ತಂದು, ಇನ್ನೊಂದು ತುದಿಗೆ ಸಾಗಿಸಬೇಕು. ಇಲ್ಲವೇ ಬೇರೊಂದು ಎಂಜಿನ್ ಬಂದು ಬೋಗಿಗಳನ್ನು ಎಳೆದುಕೊಂಡು ಹೋಗಬೇಕು. ನಡುವೆ ಎಂಜಿನ್‌ಗೆ ನೀರು, ಕಲ್ಲಿದ್ದಲು. ದಿಕ್ಕು ಬದಲಿಸಲು ತಿರುಗುವ ಹಳಿಯ ಟರ್ನ್‌ಟೇಬಲ್. ಸುತ್ತುಹಳಿಯಲ್ಲಿ ಓಡುವ ಆಟಿಕೆ ರೈಲು ಹತ್ತು ನಿಮಿಷಕ್ಕೆ ಬೇಸರ ತರಿಸುತ್ತದೆ. ಟರ್ಮಿನಸ್‌ನಲ್ಲಿ ಒಂದು ರೈಲನ್ನು ಬರಮಾಡಿ ಕಳುಹಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ.

ರೈಲು ಬರುವುದಾದರೂ ಎಲ್ಲಿಂದ? ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇರುವ ಸುಮಾರು 55 ಕಿಲೋಮೀಟರನ್ನು ಮಾದರಿಗೆ ಇಳಿಸಿದರೂ ಆರುನೂರು ಮೀಟರ್ ದಾಟುತ್ತದೆ. ಅದಕ್ಕೆ ಫ್ರೀಜರನ ಕಾಲದ ಉಪಾಯವಿದೆ. ಹಲಗೆಯ ಒಂದು ತುದಿಯಲ್ಲಿ ಪರದೆ, ಪರದೆಯ ಹಿಂದೆ ಸಾಲು ಹಳಿಗಳು. ಅಲ್ಲಿ ರೈಲುಗಳು ತಮ್ಮ ಸರದಿಗೆ ಕಾಯುತ್ತವೆ. ಆ ಮರೆಯೇ ಬಳ್ಳಾರಿ, ಅದೇ ಗುಂತಕಲ್, ಅದೇ ಮದ್ರಾಸು. ಪರದೆಯ ಮೇಲೆ ಕುರುಗೋಡಿನ ಬೆಟ್ಟವನ್ನು ಬರೆದರೆ ರೈಲು ಆ ಬೆಟ್ಟದ ಬುಡದಿಂದಲೇ ಹೊರಬಂದಂತೆ ಕಾಣುತ್ತದೆ. ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿಗೆ ನಮ್ಮ ವೇಳಾಪಟ್ಟಿಯಲ್ಲಿ ದೊಡ್ಡಬಸವೇಶ್ವರ ಜಾತ್ರೆಯ ದಿನ ವಿಶೇಷ ರೈಲುಗಳೂ ಇರಲಿ.

ಬೋರ್ಡು ಬರೆಯುವ ಹೊತ್ತು

ಇಷ್ಟೆಲ್ಲ ಕಟ್ಟಿದ ಮೇಲೆ ಒಂದು ಸತ್ಯ ಎದುರಿಗೆ ನಿಲ್ಲುತ್ತದೆ. ಈ ನಿಲ್ದಾಣದಲ್ಲಿ ಸುಳ್ಳೆನ್ನುವುದು ಒಂದೇ, ಅದು ಇಲ್ಲ ಎಂಬುದು. ಬರ ನಿಜ, ಭತ್ತ ನಿಜ, ನದಿ ನಿಜ, ಗಡಿ ನಿಜ. ಕೊಟ್ಟೂರಿಗೆ ಕೊಟ್ಟ ಹಳಿಯನ್ನು ಸಿರುಗುಪ್ಪಕ್ಕೆ ಕೊಡಲಾಗದು ಎನ್ನಲು ಭೂಗೋಳದಲ್ಲಿ ಅಡ್ಡಿಯಿರಲಿಲ್ಲ. ನೂರು ವರ್ಷಗಳ ಹಿಂದೆ ಯಾವುದೋ ಕಚೇರಿಯಲ್ಲಿ ಒಂದು ಗೆರೆ ಎಳೆದದ್ದು, ಇನ್ನೊಂದನ್ನು ಎಳೆಯದೆ ಬಿಟ್ಟದ್ದು, ಇಂದಿಗೂ ಒಂದು ತಾಲ್ಲೂಕಿನ ಜನ ಯಾವ ಬಸ್ಸು ಹತ್ತಬೇಕೆಂಬುದನ್ನು ತೀರ್ಮಾನಿಸುತ್ತಿದೆ.

ಹಾಗೆಂದು ಕಥೆ ಮುಗಿದಿಲ್ಲ. ಗಿಣಿಗೇರಾ ಕಡೆಯಿಂದ ಹೊರಟ ಹೊಸ ಹಳಿ ಗಂಗಾವತಿ, ಕಾರಟಗಿಗಳನ್ನು ದಾಟಿ 2024ರಲ್ಲಿ ಸಿಂಧನೂರು ಸೇರಿತು. ಒಂದು ಕಾಲಕ್ಕೆ ನಿಜಾಮರದಾಗಿದ್ದ ನದಿಯಾಚೆಯ ದಡದಲ್ಲಿ ಈಗ ರೈಲಿನ ಕೂಗು ಕೇಳುತ್ತದೆ. ಈಚೆ ದಡದವರು ಕೇಳಿಸಿಕೊಳ್ಳುತ್ತಿದ್ದಾರೆ.

ಮಾದರಿ ಕಟ್ಟುವವರು ನಿಲ್ದಾಣದ ಹೆಸರಿನ ಬೋರ್ಡನ್ನು ಕಟ್ಟಕಡೆಗೆ ನೆಡುತ್ತಾರೆ. ಹಳದಿ ಬಣ್ಣದ ಒಂದು ರಟ್ಟಿನ ಚೂರು, ಅದರ ಮೇಲೆ ಕಪ್ಪು ಅಕ್ಷರ. ಇಡೀ ಹಲಗೆಯಲ್ಲಿ ಅತಿ ಅಗ್ಗದ ಕೆಲಸ ಅದೇ. ನಿಜವಾದ ಸಿರುಗುಪ್ಪಕ್ಕೆ ಅದೊಂದು ಬೋರ್ಡು ನೂರು ವರ್ಷಗಳಲ್ಲೂ ದೊರೆತಿಲ್ಲ.