ದೇವಗಿರಿಯ ಚಿನ್ನ ಯಾರದು?

1862ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ತನ್ನ ‘ಬಿಬ್ಲಿಯೊಥಿಕಾ ಇಂಡಿಕಾ’ ಮಾಲೆಯಲ್ಲಿ ಒಂದು ಪಾರಸಿ ಗ್ರಂಥವನ್ನು ಅಚ್ಚುಮಾಡಿಸಿತು. ಗ್ರಂಥ ‘ತಾರೀಖ್-ಇ-ಫಿರೋಜ್‌ಶಾಹಿ’, ಬರೆದವನು ಜಿಯಾವುದ್ದೀನ್ ಬರನಿ. ಮುಂದೆ ಅಲಿಗಢದಲ್ಲಿ ಕಾಲೇಜು ಕಟ್ಟಿದ ಸಯ್ಯದ್ ಅಹ್ಮದ್ ಖಾನ್ ಅದರ ಸಂಪಾದಕರು. 1784ರಲ್ಲಿ ಹುಟ್ಟಿ ಇಂದಿಗೂ ಪಾರ್ಕ್ ಸ್ಟ್ರೀಟಿನಲ್ಲೇ ಇರುವ ಈ ಸಂಸ್ಥೆ ಅಚ್ಚುಮಾಡಿಸಿದ ಪುಸ್ತಕಗಳ ಸಾಲಿನಲ್ಲಿ ಬರನಿ ಒಬ್ಬನೇ ಅಲ್ಲ. ಮಿನ್ಹಾಜ್, ಬದಾಯೂನಿ, ಅಬುಲ್ ಫಜಲ್ ಮೊದಲಾದ ಪಾರಸಿ ಚರಿತ್ರೆಕಾರರೂ ಇದ್ದಾರೆ. ಅರಸನ ಮಾತು ದೊಡ್ಡದೋ ಧರ್ಮಶಾಸ್ತ್ರಜ್ಞನ ಮಾತು ದೊಡ್ಡದೋ ಎಂಬ ಮಧ್ಯಯುಗದ ಜಗಳ ಹಿಂದೂಸ್ಥಾನದಲ್ಲಿ ಹೇಗೆ ನಡೆಯಿತೆಂದು ತಿಳಿಯಬೇಕಾದವರು ಈ ಕಲ್ಕತ್ತೆಯ ಮುದ್ರಣಗಳಿಂದಲೇ ಶುರುಮಾಡಬೇಕು.

ಬರನಿ ಹದಿನೇಳು ವರ್ಷಕ್ಕೂ ಮೀರಿ ಮಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿ ಸುಲ್ತಾನನ ಒಡನಾಡಿಯಾಗಿದ್ದವನು. ಆಶ್ರಯ ತಪ್ಪಿ, ಮುಪ್ಪಿನ ಬಡತನದಲ್ಲಿ 1357ರ ಹೊತ್ತಿಗೆ ಈ ಚರಿತ್ರೆಯನ್ನು ಮುಗಿಸಿದ. ಕುಲದ ಹಮ್ಮು ತುಂಬಿದ ಮನುಷ್ಯ. ಕೆಳಗಿನವರು ಮೇಲೇರುವುದನ್ನು ಕಂಡರೆ ಅವನಿಗೆ ಮೈಯುರಿ. ಹಿಂದೂಗಳ ಬಗ್ಗೆ ಆಡುವ ಮಾತುಗಳಂತೂ ಓದುಗನ ತಾಳ್ಮೆ ಪರೀಕ್ಷಿಸುತ್ತವೆ. ಆದರೂ ಸುಲ್ತಾನ ಅಲಾವುದ್ದೀನ್ ಖಿಲ್ಜಿಗೂ ಬಯಾನದ ಕಾಜಿ ಮುಘೀಸುದ್ದೀನನಿಗೂ ನಡೆದ ಸಂವಾದವೆಂದು ಅವನು ಕೊಡುವ ಭಾಗಕ್ಕೆ ಸಾಟಿಯಾದದ್ದು ಆ ಕಾಲದ ಬರಹದಲ್ಲಿ ಬೇರೆ ಇಲ್ಲ.

ಸುಲ್ತಾನ ಕೇಳಿದ ಪ್ರಶ್ನೆಗಳಲ್ಲಿ ಒಂದು ನಮ್ಮ ಕಡೆಯದು. ಅಲಾವುದ್ದೀನ್ ಪಟ್ಟಕ್ಕೆ ಬರುವ ಮೊದಲೇ, 1296ರಲ್ಲಿ, ದೇವಗಿರಿಯ ಮೇಲೆ ಬಿದ್ದು ಸೇವುಣರ ಬೊಕ್ಕಸ ದೋಚಿದ್ದ. ಉತ್ತರ ಕರ್ನಾಟಕದ ದೊಡ್ಡ ಭಾಗವನ್ನು ಆಳುತ್ತ, ಕನ್ನಡದಲ್ಲೂ ಶಾಸನ ಹಾಕಿಸುತ್ತಿದ್ದ ಮನೆತನದ ಹೊನ್ನು ಅದು. ನಾನು ಇನ್ನೂ ಮಲಿಕ್, ಅಂದರೆ ಸರದಾರ, ಆಗಿದ್ದಾಗ ತಂದ ಆ ಸಂಪತ್ತು ನನ್ನದೋ, ಸಾರ್ವಜನಿಕ ಖಜಾನೆಯದೋ ಎಂದು ಸುಲ್ತಾನ ಕೇಳಿದ. ಸೈನ್ಯದ ಬಲದಿಂದ ಬಂದದ್ದು ಖಜಾನೆಗೇ ಸೇರಬೇಕು ಎಂದ ಕಾಜಿ. ಹಾಗಾದರೆ ನನಗೂ ನನ್ನ ಮನೆಯವರಿಗೂ ಅದರಲ್ಲಿ ಸಲ್ಲುವುದೆಷ್ಟು? ಕಾಜಿ ಮೂರು ದಾರಿ ತೋರಿಸಿದ. ಮೊದಲ ಖಲೀಫರಂತೆ ನಡೆದರೆ ಒಬ್ಬ ಸಿಪಾಯಿಗೆ ಸಿಗುವ 234 ಟಂಕ. ಮಧ್ಯಮ ಮಾರ್ಗವಾದರೆ ದೊಡ್ಡ ಸರದಾರರಿಗೆ ಸಲ್ಲುವಷ್ಟು. ಲೌಕಿಕ ಪಂಡಿತರ ಮಾತು ಹಿಡಿದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಸುಲ್ತಾನ ಕೆರಳಿದ. ತಲೆ ಹೋಗುವುದೇ ಖಂಡಿತವೆಂದುಕೊಂಡಿದ್ದ ಕಾಜಿಗೆ ಕೊನೆಗೆ ಸಿಕ್ಕಿದ್ದು ಜರತಾರಿ ನಿಲುವಂಗಿ ಮತ್ತು ಸಾವಿರ ಟಂಕ. ಜೊತೆಗೆ ಒಂದು ಉತ್ತರ: ರಾಜ್ಯಕ್ಕೆ ಯಾವುದು ಒಳಿತೆಂದು ತೋರುತ್ತದೋ ಅದನ್ನು ಆಜ್ಞೆ ಮಾಡುತ್ತೇನೆ, ಶಾಸ್ತ್ರ ಒಪ್ಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಎಂಬ ಅರ್ಥದ್ದು.

ಸಂಭಾಷಣೆ ಹೀಗೇ ನಡೆಯಿತೆಂದು ನಂಬಬೇಕಾಗಿಲ್ಲ. ಬರನಿ ಬರೆದದ್ದು ಅರ್ಧ ಶತಮಾನ ಕಳೆದ ಮೇಲೆ. ತನ್ನ ತಕರಾರುಗಳನ್ನು ಕಾಜಿಯ ಬಾಯಲ್ಲಿ ಇಟ್ಟಿರಬಹುದು. ರಾಜಕೀಯ ಚಿಂತನೆಯ ಚರಿತ್ರೆಗೆ ಅದರಿಂದ ನಷ್ಟವಿಲ್ಲ. ‘ಫತಾವಾ-ಇ-ಜಹಾಂದಾರಿ’ ಎಂಬ ಇನ್ನೊಂದು ಗ್ರಂಥದಲ್ಲಿ ಅವನು, ಶಾಸ್ತ್ರದ ಜೊತೆಗೆ ಅರಸ ತಾನೇ ಮಾಡುವ ‘ಜವಾಬಿತ್’, ಅಂದರೆ ರಾಜ್ಯದ ಕಟ್ಟಳೆಗಳು, ಆಳ್ವಿಕೆಗೆ ಬೇಕೇಬೇಕು ಎಂದು ಒಪ್ಪಿಕೊಳ್ಳುತ್ತಾನೆ. ಇಷ್ಟವಿಲ್ಲದ ಒಪ್ಪಿಗೆ.

ಅದೇ 1296ರಲ್ಲಿ ಯುರೋಪಿನಲ್ಲೂ ಹಣದ ಜಗಳ ಹತ್ತಿತು. ಪಾದ್ರಿಗಳ ಮೇಲೆ ಅರಸರು ತೆರಿಗೆ ಹಾಕಕೂಡದೆಂದು ಪೋಪ್ ಎಂಟನೆಯ ಬಾನಿಫೇಸ್ ಆಜ್ಞೆ ಹೊರಡಿಸಿದ. ಫ್ರಾನ್ಸಿನ ನಾಲ್ಕನೆಯ ಫಿಲಿಪ್ ತನ್ನ ನಾಡಿನಿಂದ ಬೆಳ್ಳಿ ಬಂಗಾರ ಹೊರಹೋಗದಂತೆ ತಡೆದ. 1302ರಲ್ಲಿ ಬಾನಿಫೇಸ್ ಎಲ್ಲ ಅರಸರ ಮೇಲೂ ಪೋಪನೇ ಎಂದು ಸಾರಿದ. ಮರುವರ್ಷ ಫಿಲಿಪನ ಕಡೆಯವರು ಅನಾನ್ಯಿಯಲ್ಲಿ ಅವನನ್ನೇ ಸೆರೆಹಿಡಿದರು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಪೋಪ್ ತೀರಿಕೊಂಡ. 1324ರಲ್ಲಿ ಪಡುವಾದ ಮಾರ್ಸಿಲಿಯಸ್ ಪಾದ್ರಿಗಳಿಗೆ ಬಲಪ್ರಯೋಗದ ಅಧಿಕಾರವೇ ಇಲ್ಲವೆಂದು ವಾದಿಸಿ ಗ್ರಂಥ ಬರೆದ.

ವ್ಯತ್ಯಾಸ ಇರುವುದು ಇಲ್ಲಿಯೇ. ಪೋಪನಿಗೆ ಸ್ವಂತ ಜಮೀನು, ಸ್ವಂತ ನ್ಯಾಯಾಲಯ, ಸ್ವಂತ ತೆರಿಗೆ ಇತ್ತು. ದಿಲ್ಲಿಯ ಕಾಜಿಗೆ ಇದ್ದದ್ದು ಸುಲ್ತಾನ ಕೊಟ್ಟ ಸಂಬಳ, ಸುಲ್ತಾನ ಬಿಟ್ಟ ಇನಾಮು. ಬಗ್ದಾದಿನ ಖಲೀಫನೂ ಹೆಸರಿಗೆ ಮಾತ್ರ. 1258ರಲ್ಲಿ ಮಂಗೋಲರು ಖಲೀಫ ಅಲ್-ಮುಸ್ತಾಸಿಮ್‌ನನ್ನು ಕೊಂದ ಮೇಲೂ ದಿಲ್ಲಿಯ ನಾಣ್ಯಗಳಲ್ಲಿ ದಶಕಗಳ ಕಾಲ ಸತ್ತವನ ಹೆಸರೇ ಅಚ್ಚಾಗುತ್ತಿತ್ತು. ಸತ್ತ ಖಲೀಫನಿಂದ ಯಾವ ಸುಲ್ತಾನನಿಗೂ ತೊಂದರೆಯಿಲ್ಲ!

ಅಕ್ಬರನ ಕಾಲದ ಕಥೆಯೂ ಇದೇ ಜಾಡಿನದು. ಭಿನ್ನಾಭಿಪ್ರಾಯ ಬಂದಾಗ ಶಾಸ್ತ್ರಜ್ಞರ ಅಭಿಪ್ರಾಯಗಳಲ್ಲಿ ಒಂದನ್ನು ಆರಿಸುವ ಹಕ್ಕು ಬಾದಶಹನದು ಎಂಬ 1579ರ ‘ಮಹಜರ್’ ಪತ್ರವನ್ನು ಬರೆದವನು ಅಬುಲ್ ಫಜಲನ ತಂದೆ ಶೇಖ್ ಮುಬಾರಕ್. ಇನಾಮು ಜಮೀನು ಹಂಚುತ್ತಿದ್ದ ಸದ್ರ್ ಅಬ್ದುನ್ನಬಿಯೂ ಅದಕ್ಕೆ ಮುದ್ರೆ ಒತ್ತಿದ. ಜಮೀನು ಹಂಚುವ ಕೈಯನ್ನು ಮೊದಲು ಕಟ್ಟಿ, ಆಮೇಲೆ ಸಹಿ ಹಾಕಿಸಿದ್ದು. ಈ ಪತ್ರದ ಒಕ್ಕಣೆಯನ್ನು ನಮಗೆ ಉಳಿಸಿಕೊಟ್ಟವರಲ್ಲಿ ಅಕ್ಬರನ ಕಡುವಿರೋಧಿ ಬದಾಯೂನಿಯೂ ಒಬ್ಬ. ಅವನಾದರೂ ಅಕ್ಬರ್ ಕೊಟ್ಟ ಸಾವಿರ ಬಿಘಾ ಭೂಮಿಯ ಮೇಲೆ ಬದುಕುತ್ತಿದ್ದವನೇ. ಸಿಟ್ಟನ್ನೆಲ್ಲ ಗುಟ್ಟಾಗಿ ಬರೆದಿಟ್ಟ. ಅದು ಅಚ್ಚಾದದ್ದೂ ಕಲ್ಕತ್ತೆಯಲ್ಲೇ, 1864ರಿಂದ 1869ರ ನಡುವೆ.

ಸಂಬಳದ ಹಂಗಿಲ್ಲದ ಧಾರ್ಮಿಕ ಶಕ್ತಿ ಏನು ಮಾಡಬಲ್ಲದು ಎಂಬುದಕ್ಕೆ ಉದಾಹರಣೆ ಬಂಗಾಳದಲ್ಲಿದೆ. ಈಗಿನ ಮಾಲ್ದಾ ಜಿಲ್ಲೆಯ ಪಾಂಡುವಾದಲ್ಲಿ ಅಲಾವುಲ್ ಹಕ್ ಎಂಬ ಚಿಶ್ತಿ ಸಂತ ತನ್ನ ಖಾನಕಾಹದಲ್ಲಿ (ಸೂಫಿ ಮಠದಲ್ಲಿ) ಅನ್ನದಾನಕ್ಕೆ ಸುರಿಯುತ್ತಿದ್ದ ಹಣ ಕಂಡು ಸುಲ್ತಾನ ಸಿಕಂದರನಿಗೆ ಸಂಶಯ ಬಂದು, ಅವನನ್ನು ಸೋನಾರ್‌ಗಾಂವಿಗೆ ಗಡೀಪಾರು ಮಾಡಿದನೆಂದು ಪ್ರತೀತಿ. ಆ ಸಂತನ ಮಗ ನೂರ್ ಕುತ್ಬ್ ಆಲಂ. ಜಮೀನ್ದಾರ ರಾಜಾ ಗಣೇಶ ಬಂಗಾಳದ ಅಧಿಕಾರ ಹಿಡಿದಾಗ ಜೌನ್‌ಪುರದ ಸುಲ್ತಾನ ಇಬ್ರಾಹಿಂ ಶರ್ಕಿಗೆ ಪತ್ರ ಬರೆದು ದಂಡು ಕರೆಸಿದವನು ಇವನೇ. 1415ರಲ್ಲಿ ರಾಜಿಯಾಯಿತು: ಗಣೇಶನ ಮಗ ಮತಾಂತರಗೊಂಡು ಜಲಾಲುದ್ದೀನ್ ಎಂಬ ಹೆಸರಿನಲ್ಲಿ ಪಟ್ಟವೇರಿದ. ಅದೇ ಜಲಾಲುದ್ದೀನ್ ಮುಂದೆ ನಾಣ್ಯಗಳಲ್ಲಿ ತನ್ನನ್ನು ದೇವರ ಖಲೀಫನೆಂದೇ ಕರೆದುಕೊಂಡ. ಸಂತನ ಗೆಲುವು ಅರಸನ ಬಿರುದಿನಲ್ಲಿ ಕರಗಿಹೋಯಿತು.

ಕನ್ನಡ ನಾಡಿನಲ್ಲಿ ಬರನಿಯಂಥ ಬರಹಗಾರ ಇರಲಿಲ್ಲ, ಕಲ್ಲುಗಳಿದ್ದವು. ಬರನಿ ಚರಿತ್ರೆ ಮುಗಿಸಿ ಹನ್ನೊಂದೇ ವರ್ಷಕ್ಕೆ, 1368ರಲ್ಲಿ, ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಟ್ಟರು. ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸ ಜೈನರ ಕೈಯನ್ನು ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ತೀರ್ಪಿತ್ತ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೂ ಉಳಿಯಿತು. ಅರಸ ಎರಡು ಪಕ್ಷಗಳ ಆಚಾರ್ಯರಲ್ಲಿ ಯಾರನ್ನೂ ಶಾಸ್ತ್ರಾರ್ಥ ಕೇಳಿ ನಿಲ್ಲಲಿಲ್ಲ. ನ್ಯಾಯ ಹೇಳುವ ಅಧಿಕಾರ ತನ್ನದೆಂಬುದನ್ನು ನಡೆದುಕೊಂಡೇ ತೋರಿಸಿದ.

ಶಾಲೆಯ ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಶಾಸನ ನಿಲ್ಲುವುದಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಎತ್ತುವವನು ತಿರುಮಲೆಯ ತಾತಯ್ಯ, ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು ಎಂದು ಅದು ಲೆಕ್ಕ ಬರೆಯುತ್ತದೆ. ರಕ್ಷಣೆಯ ಖರ್ಚು ದೂರು ಕೊಟ್ಟವರ ಮೇಲೆ. ವಸೂಲಿಯ ಹೊಣೆ ಎದುರುಪಕ್ಷದ ಆಚಾರ್ಯನ ಮೇಲೆ. ಇದರಲ್ಲಿ ಔದಾರ್ಯವೂ ಇದೆ, ಬಲಾಬಲದ ಲೆಕ್ಕಾಚಾರವೂ ಇದೆ. ಬುಕ್ಕನ ಶಾಸನವನ್ನು ಪರಧರ್ಮ ಸಹಿಷ್ಣುತೆಯ ಮಾದರಿಯೆಂದು ಪಾಠ ಹೇಳುವ ನಮ್ಮ ಅಧ್ಯಾಪಕರು ಆ ಒಂದು ಹಣದ ಸಾಲುಗಳನ್ನೂ ವಿದ್ಯಾರ್ಥಿಗಳಿಂದ ಓದಿಸಬೇಕು; ಪಕ್ಕದಲ್ಲಿ ಬರನಿಯ ಕಾಜಿಯ 234 ಟಂಕವನ್ನೂ ಇಡಬೇಕು.